ಬೀಟೆ ಮರದ ಹಿಡಿ ಹಾಕಿಸಿದರೆ ರೈಫಲ್ ಗುರಿ ತಪ್ಪುವುದಿಲ್ಲವೇ?

‘ಹಳೇ ಹಿಡಿ ತೆಗೆದು ಬೀಟೆ ಮರದ್ದು ಹಾಕಿಸಿ, ಗುಂಡು ದೂರ ಹೋಗುತ್ತೆ, ಗುರಿಯೂ ತಪ್ಪಲ್ಲ. ಹಿಡಿ ಅಂದ್ರೆ ಬರೀ ಮರ, ಅದಕ್ಕೆ ಲೈಸೆನ್ಸ್ ಬೇಡ, ಊರಿನ ಆಚಾರಿ ಸಾಕು.’ ಬಂದೂಕಿನ ಮಾತು ಬಂದಲ್ಲೆಲ್ಲ ಈ ಧಾಟಿಯ ಸಲಹೆ ಕೇಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕಿನವರು ಇದನ್ನು ನಂಬಿ ಹೊರಟರೆ ಕಾಸಿನ ಜೊತೆ ಲೈಸೆನ್ಸೂ ಹೋಗಬಹುದು. ಆದ್ದರಿಂದ ಒಂದೊಂದನ್ನೇ ನೋಡೋಣ.

ಗುಂಡು ದೂರ ಹೋಗುತ್ತದೆಯೇ?

ಇಲ್ಲ. ಗುಂಡಿನ ವೇಗವನ್ನು ನಿರ್ಧರಿಸುವುದು ತೋಟೆಯೊಳಗಿನ ಮದ್ದು, ಗುಂಡಿನ ತೂಕ ಮತ್ತು ನಳಿಗೆ. ಹಿಡಿ ಎಂದರೆ ನಳಿಗೆ, ಬೋಲ್ಟ್, ಟ್ರಿಗರ್‌ಗಳನ್ನು ಹೊತ್ತು ಭುಜಕ್ಕೆ ಒರಗುವ ಭಾಗ. ಅಂಗಡಿಯವರು ಸ್ಟಾಕ್ ಎನ್ನುತ್ತಾರೆ, ಅದರ ಹಿಂತುದಿಯನ್ನು ಪೊಲೀಸರು ಬಟ್ ಎನ್ನುತ್ತಾರೆ. ಅದನ್ನು ಚಿನ್ನದಲ್ಲೇ ಮಾಡಿಸಿದರೂ ಗುಂಡು ಒಂದು ಮಾರು ಹೆಚ್ಚು ಹೋಗುವುದಿಲ್ಲ.

ಹಾಗಾದರೆ ಹಿಡಿ ಬದಲಿಸುವುದೇಕೆ?

ಪ್ರತಿ ಗುಂಡಿಗೂ ರೈಫಲ್ ಒಂದೇ ರೀತಿ ಕೂರಬೇಕು ಎಂಬುದಕ್ಕೆ. ಒಂದು ಲೆಕ್ಕ ನೋಡಿ. 60 ಸೆಂ.ಮೀ. ಉದ್ದದ ನಳಿಗೆಯ ತುದಿ 0.1 ಮಿ.ಮೀ., ಅಂದರೆ ಸುಮಾರು ಒಂದು ಕಾಗದದ ದಪ್ಪದಷ್ಟು ಪಕ್ಕಕ್ಕೆ ಸರಿಯಿತು ಎನ್ನೋಣ. 50 ಮೀಟರ್ ದೂರದಲ್ಲಿ ಅದು 8 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆಯೇ 10.4 ಮಿ.ಮೀ.; ನಡುವಿಗೆ ಬೀಳಬೇಕಾದ ಗುಂಡು ಅಂಚು ದಾಟಿಬಿಡುತ್ತದೆ. 10 ಮೀಟರ್ ಏರ್ ರೈಫಲ್‌ನಲ್ಲಂತೂ ಹತ್ತು ಅಂಕದ ಗುರುತು 0.5 ಮಿ.ಮೀ. ಚುಕ್ಕಿ.

ಕಾಗದದ ದಪ್ಪದಷ್ಟು ಸರಿಸಲು ಮರಕ್ಕೆ ಕಷ್ಟವಿಲ್ಲ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರ ತೇವ ಹೀರಿದಾಗ ನಾರಿಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಮಾರ್ಚ್‌ನ ಒಣ ಬಿಸಿಲಿನಲ್ಲಿ ಸರಿಹೊಂದಿಸಿದ ರೈಫಲ್ ಅಕ್ಟೋಬರ್ ಮಳೆಯ ಹೊತ್ತಿಗೆ ಬೇರೆ ಕಡೆ ಹೊಡೆಯಲು ಇದು ಸಾಕು. ಹಳೆಯ .303 ರೈಫಲ್‌ಗಳಲ್ಲಿ ಮರದ ಹೊದಿಕೆ ನಳಿಗೆಯ ತುದಿಯವರೆಗೂ ಇರುತ್ತಿತ್ತು, ಹಾಗಾಗಿ ಅವುಗಳಲ್ಲಿ ಈ ತೊಂದರೆ ಹೆಚ್ಚು. ಇಂದಿನ ನಿಖರ ರೈಫಲ್‌ಗಳಲ್ಲಿ ನಳಿಗೆಗೂ ಹಿಡಿಗೂ ನಡುವೆ ಬೇಕೆಂದೇ ಸಂದು ಬಿಡುತ್ತಾರೆ. ಗುಂಡು ತುಂಬಿಲ್ಲವೆಂದು ಖಚಿತಪಡಿಸಿಕೊಂಡು ಆ ಸಂದಿನಲ್ಲಿ ಕಾಗದದ ಪಟ್ಟಿ ಎಳೆದು ನೋಡಿ. ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗವಾಗಿ ಬರಬೇಕು.

ಬೀಟೆಯೋ, ಪ್ಲಾಸ್ಟಿಕ್ಕೋ?

ಬೀಟೆ ಗಟ್ಟಿ, ಚೆಂದ, ಬಾಳಿಕೆಯದು. ಜೊತೆಗೆ ಭಾರ. ಭಾರದಿಂದ ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುವುದು ನಿಜ, ಆದರೆ ನಿಂತು ಹೊಡೆಯುವವರ ತೋಳಿಗೆ ಅದೇ ಹೊರೆ. 10 ಮೀಟರ್ ಏರ್ ರೈಫಲ್ 5.5 ಕೆ.ಜಿ. ಮೀರುವಂತಿಲ್ಲ ಎಂಬ ನಿಯಮವೂ ಇದೆ. ಪ್ರಪಂಚದಾದ್ಯಂತ ಬಂದೂಕಿಗೆ ಅಕ್ರೋಟು ಮರ ಮೆಚ್ಚಿದ್ದು ಅದು ಹಗುರವಾಗಿದ್ದೂ ಸೀಳದ ಕಾರಣಕ್ಕೆ. ತೆಳು ಪದರಗಳನ್ನು ಅಂಟಿಸಿ ಮಾಡಿದ ಹಿಡಿ ಒಂದೇ ತುಂಡು ಮರಕ್ಕಿಂತ ಕಡಿಮೆ ತಿರುಚಿಕೊಳ್ಳುತ್ತದೆ. ಫೈಬರ್‌ಗ್ಲಾಸ್, ಕಾರ್ಬನ್ ಫೈಬರ್‌ಗೆ ತೇವದ ಗೊಡವೆಯೇ ಇಲ್ಲ. ಅಲ್ಯೂಮಿನಿಯಂ ಚೌಕಟ್ಟು ನಿಖರ, ಬಿಸಿಲಲ್ಲಿಟ್ಟರೆ ಕೆನ್ನೆ ಸುಡುತ್ತದೆ. ನಮ್ಮ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಅಗ್ಗದ ಟೊಳ್ಳು ಪ್ಲಾಸ್ಟಿಕ್: ಮುಂಭಾಗ ಕೈ ಒತ್ತಿದರೆ ಬಾಗಿ ನಳಿಗೆಗೆ ತಾಗುತ್ತದೆ. ಅದಕ್ಕಿಂತ ಚೆನ್ನಾಗಿ ಹದಗೊಂಡ ಹಳೆಯ ಮರವೇ ವಾಸಿ.

ವಸ್ತುವಿಗಿಂತ ಮುಖ್ಯವಾದವು ಎರಡು. ಒಂದು, ಉಕ್ಕಿನ ಭಾಗ ಹಿಡಿಯೊಳಗೆ ಅಲುಗದೆ ಕೂರಬೇಕು. ಅದಕ್ಕಾಗಿ ಎಪಾಕ್ಸಿ ಅಂಟಿನ ಹಾಸು ಹಾಕುತ್ತಾರೆ, ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿಯುತ್ತಾರೆ. ಎರಡು, ಅಳತೆ. ಟ್ರಿಗರ್‌ನಿಂದ ಹಿಡಿಯ ಹಿಂತುದಿಯವರೆಗಿನ ಉದ್ದ ನಿಮ್ಮ ತೋಳಿಗೆ ಹೊಂದಬೇಕು. ಕೆನ್ನೆಯಿಟ್ಟಾಗ ಕತ್ತು ಚಾಚದೆ ದೂರದರ್ಶಕದ ನಡುವೆ ಕಣ್ಣು ನಿಲ್ಲಬೇಕು. ಬೆಳೆಯುವ ಮಕ್ಕಳಿಗೆ ಉದ್ದ, ಎತ್ತರ ಬದಲಿಸಬಹುದಾದ ಹಿಡಿಯೇ ಸರಿ. ಬಿರುಕು ಬಿಟ್ಟ ಹಿಡಿಗೆ ತಂತಿ ಸುತ್ತಿ ಬಳಸಬೇಡಿ. ಒದೆತಕ್ಕೆ ಸೀಳಿದರೆ ಚೂರು ಮುಖಕ್ಕೇ ಬರುತ್ತದೆ.

‘ಲೈಸೆನ್ಸ್ ಬೇಡ’ ಎಂಬುದು ನಿಜವೇ?

ಸುಳ್ಳು. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಶಸ್ತ್ರ’ ಎಂಬ ಪದದೊಳಗೆ ಅದರ ಭಾಗಗಳನ್ನೂ ಸೇರಿಸಿದೆ. ಬಂದೂಕು ರಿಪೇರಿ ಮಾಡುವವರಿಗೂ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಆಚಾರಿ ಎಷ್ಟೇ ಕುಶಲಿಯಾದರೂ ಬಂದೂಕನ್ನು ಅವರ ಮನೆಯಲ್ಲಿ ಬಿಟ್ಟು ಬಂದರೆ ಇಬ್ಬರಿಗೂ ತೊಂದರೆ. ಲೈಸೆನ್ಸ್ ಇರುವ ಡೀಲರ್ ಬಳಿಯೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಕೊಡಗಿನ ವಿನಾಯಿತಿಯನ್ನು ಇಲ್ಲಿಗೆ ಎಳೆದು ತರಬೇಡಿ, ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ.

ಬೆಟ್ಟದ ಸುತ್ತಿನವರಿಗೆ ಇನ್ನೂ ಒಂದು ಕಾಯ್ದೆ ಇದೆ. ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾಗಿದ್ದು 2013ರಲ್ಲಿ. ಪಕ್ಕದಲ್ಲೇ ಕಾವೇರಿ ವನ್ಯಜೀವಿಧಾಮ, ಯಳಂದೂರು ಕಡೆ ಬಿಳಿಗಿರಿರಂಗನಬೆಟ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಧಾಮದೊಳಗೆ ಯಾವುದೇ ಆಯುಧ ಒಯ್ಯುವಂತಿಲ್ಲ. ಲೈಸೆನ್ಸ್ ಜೇಬಿನಲ್ಲಿದೆ ಎಂದರೆ ಸಾಲದು. 34ನೇ ಸೆಕ್ಷನ್ ಪ್ರಕಾರ ಧಾಮದಿಂದ 10 ಕಿ.ಮೀ. ಒಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಿಗೆ ಬೇಕು. ಇನ್ನು ಹಿಡಿಗೆಂದು ಕಾಡಿನಿಂದ ಬೀಟೆ ಕಡಿದು ತರುವುದಂತೂ ನೇರ ಅಪರಾಧ. ಕಡಿದ ಹಸಿ ಮರ ಒಣಗುತ್ತಾ ಸೊಟ್ಟಗಾಗುತ್ತದೆ, ಕೆಲಸಕ್ಕೂ ಬರುವುದಿಲ್ಲ.

ಹಿಡಿ ಬದಲಾದ ಮೇಲೆ ಹಳೆಯ ಗುರಿ ಹೊಂದಾಣಿಕೆ ಲೆಕ್ಕಕ್ಕಿಲ್ಲ, ಹೊಸದಾಗಿ ಪರೀಕ್ಷಿಸಲೇಬೇಕು. ಅದನ್ನು ಅನುಮತಿ ಪಡೆದ ಶೂಟಿಂಗ್ ರೇಂಜ್‌ನಲ್ಲಿ ಮಾಡಿ, ಕಾಡಂಚಿನ ಹೊಲದಲ್ಲಿ ಅಲ್ಲ.