ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರು

ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸ್ಥಳೀಯ ಆಡಳಿತದಲ್ಲಿ ಕರ್ನಾಟಕದ ಮಹಿಳೆಯರು ಸ್ಥಾನ ಪಡೆದ ಇತಿಹಾಸ. 1987ರ ಚುನಾವಣೆಯಲ್ಲಿ ಶೇ. 25ರ ಮೀಸಲಿನೊಂದಿಗೆ ದೊಡ್ಡ ಪ್ರಮಾಣದಲ್ಲಿ ಆರಂಭವಾದ ಈ ಪ್ರವೇಶ 2010ರಲ್ಲಿ ಶೇ. 50ಕ್ಕೆ ಮುಟ್ಟಿತು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಹೋಬಳಿಯಿಂದ ಜಿಲ್ಲಾ ಕೇಂದ್ರದವರೆಗೆ ಇಂದು ಕಾನೂನಿನ ಪ್ರಕಾರ ಚುನಾಯಿತ ಸ್ಥಾನಗಳ ಅರ್ಧಪಾಲು ಮಹಿಳೆಯರದು. ಆದರೆ ಚುನಾವಣೆ ನಿಂತಾಗಲೆಲ್ಲ ಈ ಪಾಲೂ ನಿಂತಿದೆ.

ಹಿನ್ನೆಲೆ

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಶಾಸನಸಭೆಯ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಸ್ವಾತಂತ್ರ್ಯಾನಂತರ ಯಶೋಧರಮ್ಮ ದಾಸಪ್ಪ ಮೈಸೂರು ರಾಜ್ಯದ ಸಚಿವೆಯಾದರು. ಗುಂಡ್ಲುಪೇಟೆಯಿಂದ ಆಯ್ಕೆಯಾಗುತ್ತಿದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಆ ಪೀಠವೇರಿದ ರಾಜ್ಯದ ಮೊದಲ ಮಹಿಳೆ ಅವರು. ಇವರೆಲ್ಲರೂ ಸ್ವಂತ ಶಕ್ತಿಯಿಂದ ಮೇಲೆ ಬಂದವರು. ಹಳ್ಳಿಯ ಪಂಚಾಯಿತಿಯಲ್ಲಿ ಮಾತ್ರ ಹೆಣ್ಣುಮಕ್ಕಳು ವಿರಳವಾಗಿದ್ದರು. ಊರ ನ್ಯಾಯ ನಡೆಯುತ್ತಿದ್ದುದು ಅರಳಿಕಟ್ಟೆಯಲ್ಲಿ ಗಂಡಸರ ನಡುವೆ; 1959ರ ಪಂಚಾಯಿತಿ ಕಾಯ್ದೆಯ ಕಾಲದಲ್ಲೂ ಆ ಚಿತ್ರ ಹೆಚ್ಚು ಬದಲಾಗಲಿಲ್ಲ.

1987ರ ಚುನಾವಣೆ

ರಾಮಕೃಷ್ಣ ಹೆಗಡೆ ನೇತೃತ್ವದ ಸರ್ಕಾರ 1983ರಲ್ಲಿ ರೂಪಿಸಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಕಾಯ್ದೆ ರಾಷ್ಟ್ರಪತಿಗಳ ಅಂಕಿತ ಪಡೆದು 1985ರಲ್ಲಿ ಜಾರಿಗೆ ಬಂತು. ಇದರ ಬೆನ್ನೆಲುಬಾಗಿದ್ದವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬರದ ಊರುಗಳಲ್ಲಿ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡಿದ್ದ ಅವರಿಗೆ ಕುಡಿಯುವ ನೀರಿನ ತಾಪತ್ರಯ ಯಾರ ತಲೆಯ ಮೇಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಕಾಯ್ದಿರಿಸಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಸುಮಾರು 14,000 ಮಹಿಳೆಯರು ಮಂಡಲ ಪಂಚಾಯಿತಿಗಳಿಗೆ ಆಯ್ಕೆಯಾದರು. ಇಡೀ ದೇಶಕ್ಕೆ ಇಂಥ ಮೀಸಲು ಕಡ್ಡಾಯವಾಗಲು ಇನ್ನೂ ಆರು ವರ್ಷ ಹಿಡಿಯಿತು.

ಹೀಗೆ ಬಂದವರಲ್ಲಿ ಓದುಬರಹ ಬಾರದವರು, ಕೂಲಿ ಮಾಡುವವರು, ಮನೆಯ ಹಿರಿಯರ ಮಾತಿಗೆ ಕಟ್ಟುಬಿದ್ದು ಅರ್ಜಿ ಹಾಕಿದವರು ಇದ್ದರು. ‘ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ’ ಎಂಬ ಮಾತು ಊರೂರಿನಲ್ಲಿ ಕೇಳಿಬಂತು. ಮೊದಲು ಕಲಿಯಲಿ, ಆಮೇಲೆ ಬರಲಿ ಎಂದು ಕಾನೂನು ಕಾದಿದ್ದರೆ ಅವರ ಸರದಿ ಬರುತ್ತಲೇ ಇರಲಿಲ್ಲ. ಸಭೆಯಲ್ಲಿ ಕೂರುತ್ತಲೇ ಅವರು ಸಭೆ ನಡೆಸುವುದನ್ನು ಕಲಿತರು.

1992ರ ಆರಂಭದಲ್ಲಿ ಅವಧಿ ಮುಗಿದರೂ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಐದು ವರ್ಷದಲ್ಲಿ ಗಳಿಸಿದ ಅನುಭವದೊಂದಿಗೆ ಸದಸ್ಯೆಯರು ಮನೆಗೆ ಮರಳಬೇಕಾಯಿತು.

1993ರ ಬಳಿಕ

ಪಂಚಾಯಿತಿಗಳಲ್ಲಿ ಮಹಿಳಾ ಮೀಸಲನ್ನು ಇಡೀ ದೇಶಕ್ಕೆ ಕಡ್ಡಾಯಗೊಳಿಸಿದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮುಂದಿನ ತಿಂಗಳೇ ಕರ್ನಾಟಕ ತನ್ನ ಪಂಚಾಯತ್ ರಾಜ್ ಕಾಯ್ದೆಯನ್ನು ಜಾರಿಗೊಳಿಸಿತು. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಎಂಬುದು ನಿಯಮವಾದರೂ ಆಯ್ಕೆಯಾದ ಮಹಿಳೆಯರು ಶೇ. 40ಕ್ಕೂ ಹೆಚ್ಚು. ಅಧ್ಯಕ್ಷ ಸ್ಥಾನಗಳಲ್ಲೂ ಮೀಸಲು ಕಡ್ಡಾಯವಾದದ್ದು ಸದಸ್ಯತ್ವದಷ್ಟೇ ಮಹತ್ವದ ಹೆಜ್ಜೆ. ಸಭೆ ಕರೆಯುವುದು, ನಡಾವಳಿಗೆ ಸಹಿ ಹಾಕುವುದು, ಗ್ರಾಮಸಭೆಯಲ್ಲಿ ಜನರಿಗೆ ಉತ್ತರ ಕೊಡುವುದು ಅಧ್ಯಕ್ಷರ ಹೊಣೆ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಸದಸ್ಯರಿಗೆ ತರಬೇತಿ ನೀಡುತ್ತ ಬಂದಿದೆ. 2010ರಲ್ಲಿ ಮೀಸಲನ್ನು ಶೇ. 50ಕ್ಕೆ ಏರಿಸಲಾಯಿತು.

ರಾಮನಗರ ಸೀಮೆ

1987ರಲ್ಲಿ ಮಾಗಡಿ, ಕನಕಪುರ, ಚನ್ನಪಟ್ಟಣ ಮತ್ತು ರಾಮನಗರ ತಾಲ್ಲೂಕುಗಳು ಆಗಷ್ಟೇ ರಚನೆಯಾಗಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಇವು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಘಟಾನುಘಟಿ ನಾಯಕರ ಈ ಸೀಮೆಯಲ್ಲಿ ಮೇಲಿನ ಹಂತದ ಗೆಲುವು ಮಹಿಳೆಯರಿಗೆ ಅಪರೂಪ. 2004ರಲ್ಲಿ ಪತ್ರಕರ್ತೆ ತೇಜಸ್ವಿನಿ ಅವರು ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಸೋಲಿಸಿದರು. 2018ರ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ರಾಮನಗರದ ಶಾಸಕಿಯಾದರು. ಪಂಚಾಯಿತಿಗಳಲ್ಲಿ ಮಾತ್ರ ಮಹಿಳೆಯರ ಗೆಲುವು ಪ್ರತಿ ಚುನಾವಣೆಯ ಸಾಮಾನ್ಯ ಸಂಗತಿಯಾಗಿದೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಟಿಕೆಟ್‌ಗಾಗಿ ಪಕ್ಷದ ಬಾಗಿಲು ಕಾಯಬೇಕಿಲ್ಲದ್ದು ಮಹಿಳೆಯರಿಗೆ ಅನುಕೂಲ. ಆದರೆ ಯಾರು ನಿಲ್ಲಬೇಕೆಂದು ಊರ ಮುಖಂಡರು, ಮನೆಯವರು ತೀರ್ಮಾನಿಸುವುದು ತಪ್ಪಿಲ್ಲ.

ಸಾಧನೆ ಮತ್ತು ಅಡೆತಡೆಗಳು

ಅಧಿಕಾರ ಮಹಿಳೆಯರ ಕೈಗೆ ಬಂದಾಗ ಖರ್ಚಿನ ಆದ್ಯತೆಯೂ ಬದಲಾಗುತ್ತದೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಮಹಿಳಾ ಮೀಸಲಿದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋದದ್ದನ್ನು ತೋರಿಸಿತು.

ಅಡೆತಡೆಗಳೂ ಗಟ್ಟಿಯಾಗಿವೆ. ಅಧ್ಯಕ್ಷೆಯ ಬದಲು ಗಂಡನೋ ಮಗನೋ ಅಧಿಕಾರ ಚಲಾಯಿಸುವುದು ಒಂದು. ಅವಿಶ್ವಾಸ ನಿರ್ಣಯದ ಬೆದರಿಕೆ, ದಲಿತ ಅಧ್ಯಕ್ಷೆಯರು ಎದುರಿಸುವ ಜಾತಿಯ ತಾರತಮ್ಯ ಇನ್ನೊಂದು. ಮೀಸಲು ಸರದಿಯಂತೆ ಬದಲಾಗುವುದರಿಂದ, ಒಮ್ಮೆ ಗೆದ್ದು ಪಳಗಿದವರು ಮುಂದಿನ ಸಲ ಸಾಮಾನ್ಯ ಸ್ಥಾನದಲ್ಲಿ ಸ್ಪರ್ಧಿಸಬೇಕಾಗುತ್ತದೆ. ಅಲ್ಲಿ ಹೆಣ್ಣುಮಕ್ಕಳಿಗೆ ಬೆಂಬಲ ಸಿಗುವುದು ಕಡಿಮೆ. ಇದಕ್ಕೆ ಉತ್ತರವಾಗಿ ಸದಸ್ಯೆಯರೇ ಸಂಘಟಿತರಾಗಿದ್ದಾರೆ. ಚುನಾಯಿತ ಮಹಿಳಾ ಪ್ರತಿನಿಧಿಗಳ ‘ಸುಗ್ರಾಮ’ ಒಕ್ಕೂಟ ಅಂಥದ್ದು.

ಇಂದಿನ ಸ್ಥಿತಿ

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಎರಡು ಹಂತಗಳಲ್ಲಿ ನಡೆಯಿತು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಮಾತ್ರ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ, 1992ರಂತೆಯೇ ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಹೋಯಿತು. ಗ್ರಾಮ ಪಂಚಾಯಿತಿಯಲ್ಲಿ ಪಳಗಿದ ಮಹಿಳೆಗೆ ಮುಂದಿನ ಮೆಟ್ಟಿಲು ತಾಲ್ಲೂಕು, ಅದರ ಮುಂದಿನದು ಜಿಲ್ಲೆ. ಆ ಎರಡೂ ಮೆಟ್ಟಿಲು ಇಲ್ಲವಾದಾಗ ಅವಳ ದಾರಿ ಊರಲ್ಲೇ ಮುಗಿಯುತ್ತದೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಮಹಿಳೆಯರು 10 ಮಂದಿ. ಅದೇ ವರ್ಷ ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಿಗೆ ಸಂವಿಧಾನದ 106ನೇ ತಿದ್ದುಪಡಿ ಅಂಗೀಕಾರವಾಯಿತು. ಆ ಸ್ಥಾನಗಳಿಗೆ ಬೇಕಾದ ಅನುಭವಿಗಳು ಪಂಚಾಯಿತಿಗಳಲ್ಲಿ ಈಗಾಗಲೇ ಇದ್ದಾರೆ. ಅವರು ಮುಂದೆ ಬರಬೇಕಾದರೆ ಮೂರೂ ಹಂತದ ಪಂಚಾಯಿತಿಗಳಿಗೆ ಐದು ವರ್ಷಕ್ಕೊಮ್ಮೆ, ತಪ್ಪದೆ, ಚುನಾವಣೆ ನಡೆಯಬೇಕು.