ಉದ್ದ ಕಾಲುಗಳ ತೆಕ್ಕೆಯಲ್ಲಿ

ಗರಡಿಮನೆಗಳ ಇತಿಹಾಸ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಮೈಸೂರಿನ ಒಬ್ಬ ಹಿರಿಯ ಉಸ್ತಾದರ ಬಳಿ ಆಗಾಗ ಹೋಗಿ ಕೂರುವುದು ರೂಢಿ. ಒಂದು ಸಂಜೆ ಅವರಿಗೆ ಫೋನಿನಲ್ಲಿ ಜಪಾನಿನ ಹಳೆಯ ಪಂದ್ಯವೊಂದನ್ನು ತೋರಿಸಿದೆ. ಎರಡು ನಿಮಿಷ ನೋಡಿದವರೇ, "ಅಲ್ಲಪ್ಪಾ, ಅವನ ಬೆನ್ನು ನೆಲಕ್ಕೆ ತಾಗಿ ಆಯ್ತಲ್ಲ. ಇನ್ನೂ ಯಾಕೆ ಬಿಡಿಸ್ತಿಲ್ಲ?" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮಟ್ಟಿಯಲ್ಲಿ ಚಿತ್ ಆದರೆ ಕುಸ್ತಿ ಮುಗಿಯಿತು. ಆದರೆ ಅಲ್ಲಿ ಅಂಗಾತ ಬಿದ್ದಿದ್ದ ಬ್ರೆಜಿಲ್‌ನ ಆಂಟೋನಿಯೊ ರೊಡ್ರಿಗೊ ನೊಗೇರಾನಿಗೆ ಆ ನೆಲವೇ ಸ್ವಂತ ಮನೆ. ಅದು 2003ರ ಮಾರ್ಚ್ 16, ಯೊಕೊಹಾಮಾ ಅರೆನಾ. ಗುದ್ದು, ಒದೆ, ಕುಸ್ತಿ, ಪಟ್ಟು ಎಲ್ಲಕ್ಕೂ ಅವಕಾಶವಿರುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನ ಪ್ರೈಡ್ ಕೂಟದಲ್ಲಿ ಹೆವಿವೇಯ್ಟ್ ಪಟ್ಟಕ್ಕಾಗಿ ನಡೆದ ಹೋರಾಟ. ನೊಗೇರಾ ಆ ಕಣದಲ್ಲಿ ಅಲ್ಲಿಯವರೆಗೆ ಸೋತಿರಲಿಲ್ಲ. ಎತ್ತರ ಸುಮಾರು 1.91 ಮೀಟರ್. ಅವನ ಮೇಲಿದ್ದ ರಷ್ಯಾದ ಫೆಡೋರ್ ಎಮೆಲಿಯಾನೆಂಕೊ ಅವನಿಗಿಂತ ಮೂರು ಅಂಗುಲದಷ್ಟು ಗಿಡ್ಡ.

ಕೆಳಗೆ ಬಿದ್ದವನು ಮೇಲಿನವನ ಸೊಂಟವನ್ನು ತನ್ನ ಕಾಲುಗಳ ನಡುವೆ ಹಿಡಿದಿಟ್ಟುಕೊಳ್ಳುವುದಕ್ಕೆ 'ಗಾರ್ಡ್' ಎನ್ನುತ್ತಾರೆ. ಅಲ್ಲಿಂದ ಹುಟ್ಟುವ ಪಟ್ಟುಗಳಲ್ಲಿ ಭಯಂಕರವಾದದ್ದು ಟ್ರಯಾಂಗಲ್. ಎದುರಾಳಿಯ ಒಂದು ತೋಳು ಒಳಗೆ, ಇನ್ನೊಂದು ಹೊರಗೆ ಇದ್ದಾಗ ಅವನ ಕತ್ತು ಮತ್ತು ಒಳಗಿನ ತೋಳನ್ನು ಸೇರಿಸಿ ಕಾಲು ಸುತ್ತುವುದು. ಒಂದು ಕಾಲಿನ ಪಾದವನ್ನು ಇನ್ನೊಂದರ ಮಂಡಿಯ ಹಿಂದೆ ಸಿಕ್ಕಿಸಿ ಬೀಗ ಹಾಕುವುದು. ಕತ್ತಿನ ಒಂದು ಬದಿಯ ರಕ್ತನಾಳವನ್ನು ತೊಡೆ ಒತ್ತುತ್ತದೆ, ಇನ್ನೊಂದು ಬದಿಯದನ್ನು ಸಿಕ್ಕಿಬಿದ್ದವನ ಸ್ವಂತ ಭುಜವೇ ಒತ್ತುತ್ತದೆ. ಕೆಲವೇ ಕ್ಷಣಗಳಲ್ಲಿ ಸೋಲೊಪ್ಪಿ ಕೈ ತಟ್ಟಬೇಕು, ಇಲ್ಲವೇ ಪ್ರಜ್ಞೆ ತಪ್ಪಬೇಕು. ಗಿಡ್ಡ ಕಾಲಿನವನು ಈ ಬೀಗ ಹಾಕಲು ಸೊಂಟ ತಿರುಗಿಸಿ ಕೋನ ಹುಡುಕಬೇಕು. ಉದ್ದ ಕಾಲಿನವನಿಗೆ ಅದು ಅಷ್ಟು ತ್ರಾಸವಿಲ್ಲದೆ ಒದಗುತ್ತದೆ. ಗಾಬರಿಯಲ್ಲಿ ತೋಳು ಎಳೆದುಕೊಳ್ಳಲು ಹೋದರೆ ಅದೇ ತೋಳನ್ನು ನೀಟಾಗಿ ಚಾಚಿ ಮೊಣಕೈ ಮುರಿಯುವ ಆರ್ಮ್‌ಬಾರ್ ಕಾದಿರುತ್ತದೆ.

ಇದಕ್ಕೆ ತಯಾರಾಗಿ ಬಂದವರು ಕಡಿಮೆಯೇನಲ್ಲ. ಒಲಿಂಪಿಕ್ ಕುಸ್ತಿಪಟು ಮಾರ್ಕ್ ಕೋಲ್‌ಮನ್ ಕೆಡವಿ ಗುದ್ದುವುದರಲ್ಲಿ ನಿಸ್ಸೀಮ. 2001ರಲ್ಲಿ ನೊಗೇರಾನ ಕಾಲುಗಳ ನಡುವೆ ತೋಳು ಕೊಟ್ಟು ಸೋತ. ಸುಮಾರು 170 ಕಿಲೋ ತೂಗುತ್ತಿದ್ದ ಬಾಬ್ ಸ್ಯಾಪ್ 2002ರ ಆಗಸ್ಟ್‌ನಲ್ಲಿ ನೊಗೇರಾನನ್ನು ಎತ್ತಿ ತಲೆಕೆಳಗಾಗಿ ಕುಕ್ಕಿಯೇಬಿಟ್ಟ. ಆದರೂ ಎರಡನೇ ಸುತ್ತಿನಲ್ಲಿ ಅವನ ತೋಳೂ ಸಿಕ್ಕಿತು. ಎತ್ತರವೇ ಉತ್ತರ ಅನ್ನೋಣವೆಂದರೆ, 2.12 ಮೀಟರ್ ಎತ್ತರದ ಸೆಮ್ಮಿ ಶಿಲ್ಟ್ ಅದೇ ನವೆಂಬರ್‌ನಲ್ಲಿ ಟ್ರಯಾಂಗಲ್‌ಗೆ ಬಲಿಯಾದ. ಹೀಗಾಗಿ 'ಅವನ ಗಾರ್ಡಿಗೆ ಮಾತ್ರ ಇಳಿಯಬೇಡ' ಎಂಬುದೇ ಬುದ್ಧಿವಂತರ ಸಲಹೆಯಾಗಿತ್ತು.

ಫೆಡೋರ್ ಇಳಿದ. ಬೇಕೆಂದೇ, ಮತ್ತೆ ಮತ್ತೆ. ಅವನ ತಯಾರಿಯ ಗುರುತು ಹುಡುಕಬೇಕಾದದ್ದು ಅವನು ಹೊಡೆದ ಗುದ್ದುಗಳಲ್ಲಿ ಅಲ್ಲ, ಎದುರಾಳಿಗೆ ಏನು ಸಿಗದಂತೆ ನೋಡಿಕೊಂಡ ಎಂಬುದರಲ್ಲಿ. ಗುದ್ದಿದ ಕೈ ಅಲ್ಲೇ ಉಳಿಯುತ್ತಿರಲಿಲ್ಲ, ಹೋದ ವೇಗದಲ್ಲೇ ವಾಪಸ್ ಬರುತ್ತಿತ್ತು. ಒಂದು ಕಾಲು ಭುಜದ ಮೇಲೆ ಹತ್ತುವ ಸುಳಿವು ಸಿಕ್ಕರೆ ಬೆನ್ನು ನೆಟ್ಟಗಾಗುತ್ತಿತ್ತು, ಇಲ್ಲವೇ ಇಡೀ ಭಾರ ಮುಂದಕ್ಕೆ ಬಿದ್ದು ಆ ಉದ್ದ ಕಾಲುಗಳು ನೊಗೇರಾನ ಎದೆಯ ಕಡೆಗೇ ಮಡಚಿಕೊಳ್ಳುತ್ತಿದ್ದವು. ಉಸ್ತಾದರು ಇದನ್ನು ನನಗಿಂತ ಮೊದಲೇ ಕಂಡರು: "ಉದ್ದದ ಹಗ್ಗಕ್ಕೆ ಗಂಟು ಹಾಕೋಕೆ ಜಾಗ ಬೇಕು ಕಣಪ್ಪಾ. ಇವನು ಜಾಗಾನೇ ಕೊಡ್ತಿಲ್ಲ." ಹತ್ತು ನಿಮಿಷದ ಮೊದಲ ಸುತ್ತು, ಐದೈದು ನಿಮಿಷದ ಇನ್ನೆರಡು. ಕೊನೆಗೆ ತೀರ್ಪುಗಾರರೆಲ್ಲ ಒಮ್ಮತದಿಂದ ಫೆಡೋರ್‌ಗೆ ಗೆಲುವು ಕೊಟ್ಟರು.

ಈ ಗೆಲುವನ್ನು ರಷ್ಯನ್ನನ ಕಸುವಿಗೆ, ಕಲ್ಲಿನಂಥ ಮುಖಕ್ಕೆ ಕಟ್ಟುವವರೇ ಹೆಚ್ಚು. ನನಗದು ಒಪ್ಪಿಗೆಯಿಲ್ಲ. ಫೆಡೋರ್ ಚಿಕ್ಕಂದಿನಿಂದ ಪಳಗಿದ್ದು ಜುಡೋ ಮತ್ತು ಸಾಂಬೋದಲ್ಲಿ. ತೋಳು ಹಿಡಿದು ಮುರಿಯುವ ಪಟ್ಟುಗಳು ಸಾಂಬೋ ಹುಡುಗರಿಗೆ ದಿನನಿತ್ಯದ ಪಾಠ. ಯೊಕೊಹಾಮಾದಲ್ಲಿ ಅವನ ಮೊಣಕೈಗಳು ತೋರಿದ ಎಚ್ಚರ ಒಂದೆರಡು ತಿಂಗಳ ಶಿಬಿರದ್ದಲ್ಲ.

ಆ ಪಾಠ ರಷ್ಯಾಕ್ಕೆ ಹೋದದ್ದೂ ಜಪಾನಿನಿಂದಲೇ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಜುಡೋ ಶಾಲೆ ತೆರೆದ. ಅಲ್ಲಿ ಪಳಗಿದ ಮಿತ್ಸುಯೊ ಮಾಯೆಡಾ ಬ್ರೆಜಿಲ್‌ನ ಬೆಲೆಂ ಊರಿನಲ್ಲಿ ನೆಲೆಸಿ ಕಾರ್ಲೋಸ್ ಗ್ರೇಸಿಗೆ ಕಲಿಸಿದ. ಆ ಗುರುಪರಂಪರೆ ಕಾರ್ಲ್‌ಸನ್ ಗ್ರೇಸಿ, ಡೆ ಲಾ ರೀವಾ ಮೂಲಕ ನೊಗೇರಾನವರೆಗೆ ಬಂತು. ಅದೇ ಕೊಡೊಕಾನ್‌ನಲ್ಲಿ 1913ರಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ವಾಸಿಲಿ ಓಶ್ಚೆಪ್ಕೊವ್ ಮಾಸ್ಕೋದಲ್ಲಿ ಜುಡೋ ಕಲಿಸಿದ. 1937ರಲ್ಲಿ ಅವನನ್ನು ಜಪಾನಿನ ಗೂಢಚಾರನೆಂದು ಬಂಧಿಸಿದರು. ಜೈಲಿನಲ್ಲೇ ಸತ್ತ. ಮರುವರ್ಷವೇ ಸೋವಿಯತ್ ಸರ್ಕಾರ ಸಾಂಬೋಗೆ ಅಧಿಕೃತ ಕ್ರೀಡೆಯ ಮನ್ನಣೆ ಕೊಟ್ಟಿತು. ಅದರ ಅಧಿಕೃತ ಚರಿತ್ರೆಯಲ್ಲಿ ದಶಕಗಳ ಕಾಲ ಓಶ್ಚೆಪ್ಕೊವ್‌ನ ಹೆಸರೇ ಇರಲಿಲ್ಲ. ಹೆಸರು ಅಳಿಸಿದರೂ ಪಟ್ಟುಗಳು ಉಳಿದವು, ಶಿಷ್ಯರ ಮೈಯಲ್ಲಿ. ಗರಡಿಗಳಲ್ಲಿ ದಾಖಲೆ ಹುಡುಕಿ ಸುಸ್ತಾಗುವ ನನ್ನಂಥವನಿಗೆ ಈ ಸಂಗತಿ ಸುಮ್ಮನೆ ದಾಟಿಹೋಗುವಂಥದ್ದಲ್ಲ.

ಇಬ್ಬರೂ 2004ರಲ್ಲಿ ಮತ್ತೆ ಎರಡು ಬಾರಿ ಎದುರಾದರು. ಆಗಸ್ಟ್ ಪಂದ್ಯ ತಲೆಗೆ ತಲೆ ತಾಗಿ ಫೆಡೋರ್‌ಗೆ ಗಾಯವಾದ್ದರಿಂದ ರದ್ದಾಯಿತು. ಡಿಸೆಂಬರ್ 31ರಂದು ಸೈತಾಮಾದಲ್ಲಿ ಫೆಡೋರ್ ಬೇರೆಯೇ ತಯಾರಿಯಲ್ಲಿ ಬಂದಿದ್ದ. ಕೆಡವುತ್ತಿದ್ದ, ಆದರೆ ಬಿದ್ದವನ ಮೇಲೆ ಇಳಿಯಲು ಆತುರಪಡುತ್ತಿರಲಿಲ್ಲ. ನಿಂತೇ ಗುದ್ದಾಡಿ ಗೆದ್ದ. ಒಮ್ಮೆ ದಾರಿ ತೋರಿಸಿದ ಮೇಲೆ ನೊಗೇರಾ ಅದಕ್ಕೆ ಮದ್ದು ಹುಡುಕಿರುತ್ತಾನೆ ಎಂಬುದು ಅವನ ಲೆಕ್ಕವಾಗಿತ್ತು ಎಂದೇ ನನ್ನ ಊಹೆ.

ಆ ಪಂದ್ಯವನ್ನೂ ಉಸ್ತಾದರಿಗೆ ತೋರಿಸಿದೆ. ಅವರಿಗೆ ಗೆದ್ದವನಲ್ಲಿ ಆಸಕ್ತಿಯೇ ಉಳಿದಿರಲಿಲ್ಲ. ಮೊದಲಿನ ವಿಡಿಯೋ ಹಾಕಿಸಿಕೊಂಡರು. ಎದುರಿಗೆ ಕೂತಿದ್ದ ಹುಡುಗನೊಬ್ಬನನ್ನು ಕರೆದು ಮಟ್ಟಿಯ ಮೇಲೆ ಅಂಗಾತ ಮಲಗಿಸಿ, "ಆ ಕೆಳಗಿನವನು ಕಾಲು ಸುತ್ತೋಕೆ ಹೋಗ್ತಾನಲ್ಲ, ಅದನ್ನ ಇನ್ನೊಂದ್ಸಲ ತೋರ್ಸು" ಎಂದರು.