ಹತ್ತಿ ಹೊಲ ಮತ್ತು ಹಾಜರಿ ಪುಸ್ತಕ

ಯಾದಗಿರಿ, ಶಹಾಪುರ, ಸುರಪುರದ ಕಡೆ ದೀಪಾವಳಿ ಹೊತ್ತಿಗೆ ಹತ್ತಿ ಒಡೆಯುತ್ತದೆ. ಬಿಡಿಸಲು ದೊಡ್ಡವರ ಜೊತೆ ಮಕ್ಕಳೂ ಹೊಲಕ್ಕೆ ಇಳಿಯುತ್ತಾರೆ. ಹೊಲವಿಲ್ಲದ ಎಷ್ಟೋ ಮನೆಗಳು ಬೆಂಗಳೂರು, ಹೈದರಾಬಾದ್, ಮುಂಬೈಗೆ ಗುಳೆ ಹೊರಡುತ್ತವೆ. ಶಿಕ್ಷಣದ ಹಕ್ಕು ಇಲ್ಲಿ ಎಷ್ಟು ದೂರ ಬಂದಿದೆ ಎಂದು ತಿಳಿಯಲು ಜೂನ್ ತಿಂಗಳ ದಾಖಲಾತಿ ನೋಡಿದರೆ ಸಾಲದು. ಹತ್ತಿ ಸುಗ್ಗಿಯ ಹಾಜರಿ ಪುಸ್ತಕ ತೆರೆಯಬೇಕು.

ಶಿಕ್ಷಣ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ ಮೊಕದ್ದಮೆಯಲ್ಲೇ, 1992ರ ಮೋಹಿನಿ ಜೈನ್ ಪ್ರಕರಣದಲ್ಲಿ. ಅದು ವೈದ್ಯಕೀಯ ಕಾಲೇಜಿನ ಶುಲ್ಕದ ವ್ಯಾಜ್ಯ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಗಟ್ಟಿಮಾಡಿತು. 2002ರಲ್ಲಿ ಸಂವಿಧಾನಕ್ಕೆ 21-ಎ ವಿಧಿ ಸೇರಿತು, 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದದ್ದು ಅದಕ್ಕೆ ಮೂರೇ ತಿಂಗಳ ಹಿಂದೆ. 2011ರ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ್ದು ಶೇ. 75.36. ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ಮೂವತ್ತನೇ ಜಿಲ್ಲೆಯ ಮಗಳಿಗೆ ಇದು ಹುಟ್ಟಿನಿಂದಲೇ ಬಂದ ಅನ್ಯಾಯ.

ಕಾಯ್ದೆಗಿಂತ ಮೊದಲು ಬಂದದ್ದು ಊಟ. ಶಾಲೆಯಲ್ಲಿ ಬಿಸಿಯೂಟ ಕೊಡಿ ಎಂದು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆ ಮೊಕದ್ದಮೆ ಹೂಡಿದ್ದು ಪಿಯುಸಿಎಲ್ ಎಂಬ ನಾಗರಿಕ ಸಂಘಟನೆ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಆರಂಭವಾದದ್ದು ರಾಜ್ಯದ ಈಶಾನ್ಯಕ್ಕಿರುವ ಈ ಭಾಗದ ಏಳು ಜಿಲ್ಲೆಗಳಲ್ಲೇ. ಶರಣರ ನಾಡಿಗೆ ದಾಸೋಹದ ಅರ್ಥ ಹೇಳಿಕೊಡಬೇಕಿರಲಿಲ್ಲ. ಸರಿಸುಮಾರು ಅದೇ ಕಾಲಕ್ಕೆ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಹುಟ್ಟಿ, ಲೆಕ್ಕ ಕೇಳುವ ಅಧಿಕಾರ ಪಾಲಕರ ಕೈಗೆ ಬಂತು. ಸುರಪುರದ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶಿಕ್ಷಕರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿತು.

2012ರ ತಿದ್ದುಪಡಿಯಿಂದ ಬಂದ 371-ಜೆ ವಿಧಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಯಾದಗಿರಿ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಪಾಲು ಕೊಟ್ಟಿತು. ಆದರೆ ಪಾಲು ಕೇಳಲು ಮಗು ಮೊದಲು ಹತ್ತನೇ ತರಗತಿ ದಾಟಬೇಕಲ್ಲ!

ಮತ್ತೆ ಊಟದ ಮಾತಿಗೇ ಬರುತ್ತೇನೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿತು, ಒಲ್ಲೆನೆಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ತಮಗೆ ಮೊಟ್ಟೆ ಬೇಕೇ ಬೇಕು ಎಂದರು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಸಿಗದಿದ್ದ ಗದಗದ ಮಕ್ಕಳ ಜೊತೆ ತೂಗಿ ನೋಡಿದ ಅಧ್ಯಯನದಲ್ಲಿ ಯಾದಗಿರಿಯವರ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. ಹಿಂದುಳಿದ ಜಿಲ್ಲೆ ಎಂದು ಸದಾ ಕರೆಸಿಕೊಂಡ ಊರಿನ ಮಕ್ಕಳಿಂದ ರಾಜ್ಯದ ಮಕ್ಕಳೆಲ್ಲರ ತಟ್ಟೆಗೆ ಮೊಟ್ಟೆ ಬಂತು. ಈ ಸಂಗತಿಯನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಗುಳೆಯ ಮುಂದೆ ಮಾತ್ರ ನೀತಿ ಸೋತಿದೆ. ಉದ್ಯೋಗ ಖಾತ್ರಿ 2006ರ ಮೊದಲ ಹಂತದಲ್ಲೇ ಆಗಿನ ಗುಲ್ಬರ್ಗಾ ಜಿಲ್ಲೆಗೆ ಬಂದಿತ್ತು, ಗುಳೆ ನಿಲ್ಲಲಿಲ್ಲ. ಮಗು ಬೇರೆ ಶಾಲೆಗೆ ಸೇರಲು ವರ್ಗಾವಣೆ ಪತ್ರ ತಡವಾದರೂ ಅಡ್ಡಿಯಿಲ್ಲ ಎನ್ನುತ್ತದೆ ಕಾಯ್ದೆಯ 5ನೇ ಪ್ರಕರಣ. ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಆ ಮಾತನ್ನು ಮುಟ್ಟಿಸುವವರು ಬೇಕು. ಗುಳೆ ಹೋಗುವವರ ಪಟ್ಟಿಯನ್ನು ಗ್ರಾಮ ಪಂಚಾಯಿತಿಯೇ ಇಟ್ಟು, ಮಕ್ಕಳು ಇಳಿಯುವ ಊರಿನ ಶಾಲೆಗೆ ತಿಳಿಸುವುದು ಅಸಾಧ್ಯದ ಕೆಲಸವಲ್ಲ.

ಮಕ್ಕಳು ತಮ್ಮ ಅಹವಾಲನ್ನು ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರ್‌ನಿಂದ ನಡೆಯುತ್ತದೆ. ಹತ್ತಿ ಬಿಡಿಸುವುದೂ ಆಗಲೇ. ಆ ಸಭೆಯನ್ನು ಜುಲೈಗೆ, ಇಲ್ಲವೇ ಆಗಸ್ಟ್‌ಗೆ ತರಲಿ. ಹೊಲಕ್ಕೂ ಗುಳೆಗೂ ಹೋಗುವ ಮಕ್ಕಳು ಆಗ ಇನ್ನೂ ಊರಲ್ಲೇ ಇರುತ್ತಾರೆ.